ಕೈಗೆ ಕೂರುವ ಮೌಸ್

ಚಪ್ಪಲಿ ಕೊಳ್ಳುವಾಗ ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡುವ ನಾವು, ದಿನವಿಡೀ ಅಂಗೈಯಡಿ ಇರುವ ಮೌಸನ್ನು ಮಾತ್ರ ಪ್ಯಾಕೆಟಿನ ಹೊರಗಿನಿಂದಲೇ ನೋಡಿ ದುಡ್ಡು ಕೊಟ್ಟು ಬರುತ್ತೇವೆ. ಮಣಿಪಾಲದ ಅಂಗಡಿಯೊಂದರಲ್ಲಿ ಈ ಪದ್ಧತಿ ಮುರಿಯಲು ಹೊರಟೆ.

"ಅಕ್ಕ, ಇದು ತಗೊಳ್ಳಿ. ಲೈಟ್ ಬರ್ತದೆ, ಹದಿನಾರು ಸಾವಿರ ಡಿಪಿಐ ಉಂಟು" ಎಂದ ಹುಡುಗ.

"ಅಷ್ಟೆಲ್ಲ ನನಗೆಂತಕ್ಕೆ ಮಾರಾಯ? ಒಮ್ಮೆ ಬಿಚ್ಚಿ ಕೊಡು, ಹಿಡಿದು ನೋಡ್ತೇನೆ."

"ಬಿಚ್ಚಿದ್ರೆ ತಗೊಳ್ಳಲೇಬೇಕು ಅಕ್ಕ."

ಡಿಪಿಐ ಎಂದರೆ ಕೈ ಒಂದು ಇಂಚು ಸರಿದರೆ ಪರದೆಯ ಬಾಣ ಎಷ್ಟು ಚುಕ್ಕಿ ಸರಿಯಬೇಕೆಂಬ ಲೆಕ್ಕ. ಆಟವಾಡುವ ಇಂಜಿನಿಯರಿಂಗ್ ಹುಡುಗರಿಗೆ ಅದು ಬೇಕಿರಬಹುದು. ನನ್ನದು ಉಡುಪಿಯಲ್ಲಿ ಡಿಟಿಪಿ ಕೆಲಸ: ಮದುವೆ ಕಾಗದ, ಬಯಲಾಟದ ಕರಪತ್ರ, ಬ್ರಹ್ಮಕಲಶೋತ್ಸವದ ಆಮಂತ್ರಣ. ಅದಕ್ಕೆ ಸಾವಿರ ಡಿಪಿಐ ಧಾರಾಳ ಸಾಕು. ಬ್ರಹ್ಮಕಲಶದ ಆಮಂತ್ರಣವೆಂದರೆ ಅರ್ಧ ಊರಿನ ಹೆಸರು. ಪ್ರೂಫ್ ಆದ ಮೇಲೂ ಫೋನ್ ಬರುತ್ತದೆ, ಗೌರವಾಧ್ಯಕ್ಷರು ಕೆಳಗೆ ಹೋಗಿದ್ದಾರೆ, ಮೇಲೆ ತರಬೇಕಂತೆ. ಹೀಗೆ ಗಣ್ಯರನ್ನು ಮೇಲೆ ಕೆಳಗೆ ಎಳೆದೆಳೆದೇ ನನ್ನ ಮಣಿಕಟ್ಟು ಸಂಜೆಗೆ ಬಿಗಿಯುವುದು.

ಮೊದಲ ಮೌಸ್ 1964ರದ್ದು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಯೋಚಿಸಿದ್ದನ್ನು ಬಿಲ್ ಇಂಗ್ಲಿಷ್ ಎಂಬ ಇಂಜಿನಿಯರ್ ಮರದಲ್ಲಿ ಮಾಡಿಕೊಟ್ಟರು. ಮೇಲೊಂದು ಬಟನ್, ಅಡಿಯಲ್ಲಿ ಒಂದಕ್ಕೊಂದು ಅಡ್ಡಲಾಗಿ ಎರಡು ಚಕ್ರ. ವಯರು ಹೊರಟಿದ್ದು ಮಣಿಕಟ್ಟಿನ ಕಡೆಯಿಂದ. ಕೈಗೆ ಸಿಕ್ಕಿ ತೊಡಕಾಯಿತೆಂದು ಆಮೇಲೆ ಮುಂದಕ್ಕೆ ಹಾಕಿದರು. ವಯರಿನ ಕಾಟ ಹುಟ್ಟಿನಿಂದಲೇ ಇತ್ತು ಎಂದಾಯಿತು. 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಎಂಗೆಲ್‌ಬಾರ್ಟ್ ಅದನ್ನು ಜಗತ್ತಿಗೆ ತೋರಿಸಿದಾಗ ಬಲಗೈಯಲ್ಲಿ ಮೌಸ್, ಎಡಗೈಯಲ್ಲಿ ಐದು ಕೀಲಿಗಳ ಇನ್ನೊಂದು ಪುಟ್ಟ ಸಾಧನವಿತ್ತು. ಎಡಗೈಯದ್ದನ್ನು ಲೋಕ ಮರೆಯಿತು, ದುಡಿಮೆಯೆಲ್ಲ ಬಲಗೈಯ ಪಾಲಿಗೆ ಬಂತು. 1970ರಲ್ಲಿ ಸಿಕ್ಕ ಪೇಟೆಂಟ್ ಸಂಸ್ಥೆಯದ್ದಾಗಿತ್ತು, ಮೌಸ್ ಮನೆಮನೆಗೆ ಬರುವ ಮೊದಲೇ ಅದರ ಅವಧಿಯೂ ಮುಗಿಯಿತು. ಆ ಪುಣ್ಯಾತ್ಮರಿಗೆ ರಾಯಲ್ಟಿ ಸಿಗಲಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಹೊಟ್ಟೆಯಲ್ಲಿ ಗುಂಡಿದ್ದ ಮೌಸಿನ ಕಾಲ. ಬಾಣ ತಡವರಿಸಿದರೆ ಮೌಸನ್ನು ಮಗುಚಿ, ಅಡಿಯ ಬಿಲ್ಲೆ ತಿರುಗಿಸಿ, ರಬ್ಬರ್ ಗುಂಡನ್ನು ಸೆರಗಿನಲ್ಲಿ ಒರೆಸಿ, ಒಳಗಿನ ಪುಟ್ಟ ರೋಲರುಗಳಿಗೆ ಉಂಗುರವಾಗಿ ಅಂಟಿದ ಕಪ್ಪು ಕೊಳೆಯನ್ನು ಉಗುರಿನಿಂದ ಕೆರೆಯಬೇಕು. ಆಟಿಯ ಮಳೆಯಲ್ಲಿ ಆ ಕೊಳೆ ಇನ್ನಷ್ಟು ಗಟ್ಟಿ. ಈಗಿನದ್ದರಲ್ಲಿ ಗುಂಡಿಲ್ಲ, ಬೆಳಕು ಬಿಟ್ಟು, ಮೇಜಿನ ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆದು, ಎಷ್ಟು ಸರಿಯಿತೆಂದು ಲೆಕ್ಕ ಹಾಕುತ್ತದೆ. ಗಾಜು ಕಂಡರೆ ಮಾತ್ರ ಅದಕ್ಕೆ ದಿಕ್ಕು ತೋಚದು. ಕಾರ್ಕಳದ ಅಣ್ಣನ ಮೇಜಿಗೆ ಗಾಜು ಹೊದೆಸಿದೆ, ಅಡಿಯಲ್ಲಿ ಬಾಹುಬಲಿಯ ಪಟ, ಹಳೆಯ ವಿಸಿಟಿಂಗ್ ಕಾರ್ಡುಗಳು. ಅಲ್ಲಿ ಕೆಲಸಕ್ಕೆ ಕೂತರೆ ಮೌಸಿನ ಅಡಿಗೊಂದು ಪೇಪರ್ ಹಾಸಲೇಬೇಕು.

ಕೀಲಿಮಣೆಯ ವಿಷಯದಲ್ಲಿ ನಾವು ಪುಣ್ಯವಂತರು. ಮಣಿಪಾಲದಲ್ಲೇ ನೆಲೆಸಿದ ಕೆ.ಪಿ. ರಾವ್ ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಕೀಲಿಗಳ ಮೇಲೆ ಉಚ್ಚಾರಕ್ಕೆ ತಕ್ಕಂತೆ ಹೊಂದಿಸಿದರು. ನುಡಿ ತಂತ್ರಾಂಶದಲ್ಲೂ ಅದೇ ಜೋಡಣೆ. ನಮ್ಮ ಬೆರಳಿಗೆ ಏನು ಸುಲಭವೆಂದು ಒಬ್ಬರು ಕೂತು ಯೋಚಿಸಿದ್ದರ ಫಲ ಅದು. ಮೌಸಿಗೆ ಭಾಷೆಯಿಲ್ಲವಲ್ಲ, ಹೊರಗೆ ಮಾಡಿದ್ದು ಹಾಗೆಯೇ ಬಂತು. ಕೈಯ ಅಳತೆಯನ್ನು ಯಾರೂ ಕೇಳಲಿಲ್ಲ.

ನನ್ನದು ಅಮ್ಮನ ಕೈ. ಅಮ್ಮ ಕಾಪು ಹತ್ತಿರದ ಶಂಕರಪುರದವರು, ಮಲ್ಲಿಗೆ ಕಟ್ಟಿಯೇ ಬೆಳೆದವರು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಅವರು ಕಟ್ಟುತ್ತಿದ್ದ ವೇಗಕ್ಕೆ ಕಣ್ಣು ಸೋಲಬೇಕು. ಸಣ್ಣ ಅಂಗೈ, ಗಿಡ್ಡ ಬೆರಳು. ಇಂಥ ಕೈಯನ್ನು ದೊಡ್ಡ ಮೌಸಿನ ಮೇಲಿಟ್ಟರೆ ಬೆರಳು ಬಟನ್ನಿನ ತುದಿಗೆ ಎಟಕುವುದಿಲ್ಲ, ಅಂಗೈ ಎತ್ತಿ ಚಾಚಬೇಕು, ನೋವು ಶುರುವಾಗುವುದೇ ಅಲ್ಲಿ. ತೀರಾ ಚಪ್ಪಟೆಯದ್ದಾದರೆ ಹಿಡಿಯಲು ಬೆರಳನ್ನು ಮಡಚಬೇಕು, ಅದೂ ಬೇನೆಯೇ. ಓರೆಯಾಗಿ ನಿಲ್ಲುವ ಮೌಸ್ ಈಚೆಗೆ ಬಂದಿದೆ, ಕೈಕುಲುಕುವ ಭಂಗಿಯಲ್ಲಿ ಹಿಡಿಯುವಂಥದ್ದು. ಮುಂಗೈ ತಿರುಚುವುದಿಲ್ಲ, ನಿಜ. ಆದರೆ ಒಂದು ಗೆರೆಯನ್ನು ಕೂದಲೆಳೆಯಷ್ಟು ಸರಿಸುವ ನನ್ನ ಕೆಲಸಕ್ಕೆ ಅದು ಒಗ್ಗಲಿಲ್ಲ.

ಕೊನೆಗೆ ಆರಿಸಿದ್ದು ಸಣ್ಣದು, ಹಗುರದ್ದು, ಬೆನ್ನು ಸ್ವಲ್ಪ ಉಬ್ಬಿದ್ದು, ಕ್ಲಿಕ್ ಸದ್ದಿಲ್ಲದ್ದು. ಚಾರ್ಜ್ ಮಾಡುವುದು ಬೇಡವೆಂದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿಗೆ ನಿಯಮವಿಲ್ಲ, ಪೆನ್ಸಿಲ್ ಸೆಲ್ಲಾದರೆ ಯಾವ ಗೂಡಂಗಡಿಯಲ್ಲೂ ಸಿಗುತ್ತದೆ, ತಿಂಗಳುಗಟ್ಟಲೆ ಬರುತ್ತದೆ. ಕಾಪುವಿನಂಥ ಕಡಲ ಕರೆಯವರಿಗೆ ಒಂದು ಮಾತು: ಉಪ್ಪುಗಾಳಿಗೆ ಸೆಲ್ ಕೂರುವ ಸ್ಪ್ರಿಂಗ್ ಹಸಿರು ಕಟ್ಟುತ್ತದೆ, ಆಗಾಗ ಒಣಬಟ್ಟೆಯಲ್ಲಿ ಒರೆಸಿ. ಆಡಿಸುವಾಗ ಮಣಿಕಟ್ಟನ್ನು ಊರಿ ತಿರುಚಬೇಡಿ, ಮೊಣಕೈಯಿಂದ ಆಡಿಸಿ.

ಇನ್ನು ಉಡುಪಿ, ಮಣಿಪಾಲದ ಅಂಗಡಿಯವರಲ್ಲಿ ಒಂದು ವಿನಂತಿ. ಪ್ರತಿ ಮಾದರಿಯದ್ದೂ ಒಂದೊಂದನ್ನು ಪ್ಯಾಕೆಟಿನಿಂದ ತೆಗೆದು ಕೌಂಟರಿನ ಮೇಲಿಡಿ. ಸೆಲ್ ಹಾಕುವುದೂ ಬೇಡ, ಹಿಡಿದು ನೋಡಲು ಬಿಟ್ಟರೆ ಸಾಕು.