ಅಟ್ಟದ ಬೀಗದ ಕೈ

ಬಂಟ್ವಾಳದ ಹತ್ತಿರ ನರಿಕೊಂಬಿನ ನಮ್ಮ ಮನೆಯಲ್ಲಿ ಉಗ್ರಾಣದ ಬೀಗದ ಕೈ ಅಜ್ಜಿಯ ಸೊಂಟ ಬಿಟ್ಟು ಇಳಿದುದನ್ನು ಕಂಡವರಿಲ್ಲ. ಚಿಕ್ಕಮ್ಮ ಮದುವೆಯಾಗಿ ಬಂದ ಹೊಸತರಲ್ಲಿ, ಬಹಳ ಯೋಚಿಸಿ, ಅವರಿಗೆ ಅಟ್ಟದ ಕೈಯೊಂದನ್ನು ಕೊಟ್ಟರು. ತೆಂಗಿನಕಾಯಿ ಇಳಿಸುವುದಕ್ಕೆ ಮಾತ್ರ. ಅಟ್ಟದ ಮೂಲೆಯ ಹಲಗೆ ಸರಿಸಿದರೆ ನೇರ ಉಗ್ರಾಣಕ್ಕೇ ಇಳಿಯಬಹುದೆಂಬುದು ಮಕ್ಕಳಾದ ನಮಗೆ ಗೊತ್ತಿತ್ತು. ಬೆಲ್ಲ ಕರಗುತ್ತ ಬಂತು. ಅಪವಾದ ಚಿಕ್ಕಮ್ಮನ ತಲೆಗೆ ಬಂತು. ನಾನು ಬಾಯಿ ಬಿಡಲಿಲ್ಲ.

ಈಗ ಬೆಂಗಳೂರಿನಲ್ಲಿ ನನ್ನ ಹೊಟ್ಟೆಪಾಡೂ ಬೀಗದ ಕೈ ಕಾಯುವುದೇ. ನಲವತ್ತು ಮಂದಿ ಹಂಚಿಕೊಂಡ ಒಂದು ಲಿನಕ್ಸ್ ಸರ್ವರು. ಅದರ ಯಜಮಾನನಿಗೆ ‘ರೂಟ್’ ಎಂದು ಹೆಸರು, ಅವನಿಗೆ ತಡೆಯೆಂಬುದಿಲ್ಲ. ಯಜಮಾನನ ಪಾಸ್‌ವರ್ಡನ್ನು ಹಂಚದೆ ಒಂದೊಂದೇ ಕೆಲಸಕ್ಕೆ ಅಪ್ಪಣೆ ಕೊಡುವ ‘ಸುಡೊ’ ಎಂಬ ಉಪಾಯವನ್ನು 1980ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಕಾಗ್‌ಶಾಲ್, ಸ್ಪೆನ್ಸರ್ ಎಂಬಿಬ್ಬರು ಮಾಡಿದರು. ಪಟ್ಟಿಯಲ್ಲಿ ಬರೆದಷ್ಟೇ ಅಪ್ಪಣೆ. ಯಾರು ಏನು ಮಾಡಿದರೆಂಬುದಕ್ಕೆ ದಾಖಲೆ ಬೇರೆ. ಅಜ್ಜಿ ಮೆಚ್ಚುತ್ತಿದ್ದರು.

ಕಳೆದ ತಿಂಗಳು ಒಬ್ಬ ಹುಡುಗನಿಗೆ ಒಂದೇ ಒಂದು ಫೈಲು ತಿದ್ದಬೇಕಾಗಿತ್ತು. ‘ವಿಐ’ಯಲ್ಲಿ ಅದನ್ನಷ್ಟೇ ತೆರೆಯಲು ಅಪ್ಪಣೆ ಬರೆದೆ. ಮಾರನೆಯ ದಿನ ಅವನೇ ಬಂದು, “ಸಾರ್, ಇದರೊಳಗಿಂದ ಎಲ್ಲ ಬಾಗಿಲೂ ತೆರೆಯುತ್ತವೆ” ಎಂದ. ನಿಜ. ವಿಐಯೊಳಗಿಂದ ಬೇಕಾದ ಆಜ್ಞೆ ಕೊಡಬಹುದು, ಅದೂ ರೂಟ್‌ನ ಹೆಸರಿನಲ್ಲಿ. ಅದೇ ಅಟ್ಟದ ಹಲಗೆ! ಫೈಲಿನ ನಕಲನ್ನು ಮಾತ್ರ ಕೈಗೆ ಕೊಟ್ಟು, ತಿದ್ದಿದ ಮೇಲೆ ಮೂಲಕ್ಕೆ ಸೇರಿಸುವ ‘ಸುಡೊಎಡಿಟ್’ ಇದೆ, ಅದನ್ನೇ ಹಾಕಿಕೊಟ್ಟೆ.

ಆ ಹುಡುಗ ಹೇಳಿದ, ನಾನು ಹೇಳಿರಲಿಲ್ಲ. ರಾತ್ರಿ ಊರಿಗೆ ಫೋನು ಮಾಡಿ ಬೆಲ್ಲದ ಮಾತೆತ್ತಿದೆ. ಚಿಕ್ಕಮ್ಮ ನಕ್ಕರು.

“ಗೊತ್ತಿತ್ತು ಮಾರಾಯ. ಆ ಹಲಗೆಗೆ ಮೊಳೆ ಹೊಡೆದದ್ದು ಯಾರೆಂದುಕೊಂಡಿದ್ದೀ?”