ತಂಗಿಯ ಪರದೆ

ಪ್ರಬಂಧ ಸಲ್ಲಿಸಲು ಮೂರು ತಿಂಗಳಿರುವಾಗ ನನ್ನ ಲ್ಯಾಪ್‌ಟಾಪಿನ ಪರದೆ ಹೋಯಿತು. ಒಳಗಿನದೆಲ್ಲ ನೆಟ್ಟಗಿತ್ತು, ಕಾಣುತ್ತಿರಲಿಲ್ಲ ಅಷ್ಟೇ. ಐದು ತಿಂಗಳಿಂದ ಫೆಲೋಶಿಪ್ ಬಂದಿರಲಿಲ್ಲ. ಹೊಸ ಪರದೆ ಹಾಕಿಸುವ ಮಾತೇ ಇರಲಿಲ್ಲ.

ವಿಷಯ ತಿಳಿದು ಊರಿಂದ ತಂಗಿ ತನ್ನ ಟ್ಯಾಬ್ ಕಳಿಸಿದಳು. 2020ರಲ್ಲಿ ಕಾಲೇಜುಗಳು ಮುಚ್ಚಿದಾಗ ಅವಳ ಆನ್‌ಲೈನ್ ಪಾಠಕ್ಕೆಂದು ಅಮ್ಮ ಓಲೆ ಅಡವಿಟ್ಟು ತಂದದ್ದು ಅದು.

ಲ್ಯಾಪ್‌ಟಾಪನ್ನು ಹಾಸ್ಟೆಲಿನ ಟೀವಿಗೆ ಜೋಡಿಸಿ, ಅದರಲ್ಲೂ ಟ್ಯಾಬಿನಲ್ಲೂ ಸ್ಪೇಸ್‌ಡೆಸ್ಕ್ ಹಾಕಿದೆ. ಮುಚ್ಚಳ ಮುಚ್ಚಿದರೆ ವಿಂಡೋಸ್ ನಿದ್ದೆಗೆ ಜಾರುತ್ತದೆ. ಪವರ್ ಆಪ್ಷನ್ಸ್‌ಗೆ ಹೋಗಿ, ಮುಚ್ಚಿದರೆ 'ಡು ನಥಿಂಗ್' ಎಂದು ಬದಲಿಸಿದೆ. ವೈಫೈಯಲ್ಲಿ ಅಕ್ಷರಗಳು ಬೆರಳಿಗಿಂತ ಹಿಂದೆ ಬೀಳುತ್ತಿದ್ದವು. ಕೇಬಲ್ ಹಾಕಿದ ಮೇಲೆ ಸರಿಹೋಯಿತು. ಬಿಸಿಯಾಗದಿರಲೆಂದು ಮುಚ್ಚಿದ ಲ್ಯಾಪ್‌ಟಾಪನ್ನು ಎರಡು ಪುಸ್ತಕಗಳ ನಡುವೆ ನೆಟ್ಟಗೆ ನಿಲ್ಲಿಸಿದೆ. ಪಾಸ್‌ವರ್ಡ್ ಮಾತ್ರ ದಿನವೂ ಕಾಣದೆಯೇ ಒತ್ತಬೇಕಿತ್ತು.

ಮೊದಲು ಹತ್ತಾರು ಫೈಲು ತೆರೆದಿಟ್ಟುಕೊಂಡು ಅದನ್ನೇ ಸಂಶೋಧನೆ ಅಂದುಕೊಂಡಿದ್ದೆ. ಈ ಪುಟ್ಟ ಪರದೆಯಲ್ಲಿ ಹಿಡಿಸುವುದು ಒಂದೇ ಪುಟ. ಬೀಸುವ ಪದಗಳ ಮೇಲಿನ ಮೂರನೇ ಅಧ್ಯಾಯವನ್ನು ಹಾಗೆ ಪುಟಪುಟವಾಗಿ ಓದಿದಾಗ ಗೊತ್ತಾಯಿತು: ಸಾಲುಸಾಲಿಗೂ 'ಶ್ರಮ' ಎಂಬ ಪದವಿದೆ, ಬೀಸುವವಳೇ ಇಲ್ಲ.

ಟ್ಯಾಬಿನ ಗ್ಯಾಲರಿಯಲ್ಲಿ ತಂಗಿಯ ಅಕೌಂಟೆನ್ಸಿ ಪಾಠದ ಸ್ಕ್ರೀನ್‌ಶಾಟುಗಳಿದ್ದವು. 2021ರಲ್ಲಿ ಪರೀಕ್ಷೆಯೇ ನಡೆಯದೆ ಎಲ್ಲರ ಜೊತೆ ಅವಳೂ ಪಿಯುಸಿ ಪಾಸಾದಳು. ಆ ವರ್ಷವೇ ಗಾರ್ಮೆಂಟ್ಸಿಗೆ ಸೇರಿದಳು. ಮನೆಯಲ್ಲಿ ಒಬ್ಬಳ ಓದಿಗಷ್ಟೇ ದುಡ್ಡಿತ್ತು. ಆ ಒಬ್ಬಳು ನಾನು. ದುಡಿವ ಹೆಣ್ಣುಮಕ್ಕಳ ಬಗ್ಗೆ ನಾಲ್ಕು ವರ್ಷ ಬರೆದವಳು ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಭಾನುವಾರ ಫೋನ್ ಮಾಡಿ, "ಕೆಲಸ ಮಾಡ್ತಾ ಹಾಡು ಹೇಳ್ಕೋತೀರೇನೇ?" ಅಂದೆ.

ನಕ್ಕಳು. "ಮಿಷನ್ ಸದ್ದಲ್ಲಿ ಹಾಡೆಲ್ಲಿ ಬರುತ್ತಕ್ಕ? ಪಕ್ಕದೋಳು ಕರೆದ್ರೂ ಕೇಳ್ಸಲ್ಲ."

ಆ ಅಧ್ಯಾಯವನ್ನು ಅಲ್ಲಿಂದಲೇ ಮತ್ತೆ ಶುರುಮಾಡಿದೆ. ಬೀಸುಕಲ್ಲಿನ ಸದ್ದಿನೊಳಗೆ ಹಾಡಿಗೆ ಜಾಗವಿತ್ತು. ಹೊಲಿಗೆ ಸಾಲಿನಲ್ಲಿ ಯಾಕಿಲ್ಲ? ಪ್ರಶ್ನೆ ಅವಳದು, ಹೆಸರು ನನ್ನದು.

ಪ್ರಬಂಧ ಸಲ್ಲಿಸಿದೆ. ಬಾಕಿ ದುಡ್ಡು ಬಂದ ಮೇಲೆ ಲ್ಯಾಪ್‌ಟಾಪಿಗೆ ಪರದೆ ಹಾಕಿಸಿ, ಟ್ಯಾಬ್ ಹಿಂತಿರುಗಿಸಲು ಊರಿಗೆ ಹೋದೆ. ಮುಕ್ತ ವಿಶ್ವವಿದ್ಯಾಲಯದ ಬಿಕಾಂ ಅರ್ಜಿಯನ್ನು ಅದರಲ್ಲಿ ತೆರೆದಿಟ್ಟೇ ಕೊಟ್ಟೆ, ಶುಲ್ಕ ನಾನು ಕಟ್ಟುತ್ತೇನೆ ಅಂದೆ. ಅವಳು ಎರಡು ಸಲ ಮೇಲೆ ಕೆಳಗೆ ಸರಿಸಿ ನೋಡಿದಳು.

"ಇವತ್ತು ಓಟಿ ಇತ್ತಕ್ಕ, ಕಣ್ಣು ಉರೀತಿದೆ. ನಾಳೆ ನೋಡ್ತೀನಿ," ಎಂದು ಟ್ಯಾಬನ್ನು ಚಾರ್ಜಿಗೆ ಹಾಕಿದಳು.