ಮೂತಿಯ ಮೇಲೆ ನಿಂತವಳು

ಹಾಯಿದೋಣಿ ಪಂದ್ಯ ಕೋಟ್ಯಧೀಶರ ಆಟ ಅಂತ ನಾನೂ ನಂಬಿದ್ದೆ. ತಿಪಟೂರಿನ ಕಡೆಯ ನನಗೆ ನೀರೆಂದರೆ ಕೆರೆ. ಕ್ಯಾಲಿಫೋರ್ನಿಯಾಕ್ಕೆ ಬಂದು ಎಷ್ಟೋ ವರ್ಷ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯನ್ನು ಸೇತುವೆ ದಾಟುವಾಗ ಕಾರಿನ ಕಿಟಕಿಯಿಂದ ನೋಡಿದ್ದಷ್ಟೇ. ಅಲ್ಲಿ ವಾರಾಂತ್ಯ ಪಂದ್ಯಕ್ಕಿಳಿಯುವ ದೋಣಿಗಳಲ್ಲಿ ಎಷ್ಟೋ ದೋಣಿಗಳು ಹಳೆ ಕಾರಿನ ಬೆಲೆಗೆ ಸಿಗುತ್ತವೆ ಅನ್ನುವುದು ಗೊತ್ತಾದ ದಿನ ನನ್ನ ನಿದ್ದೆ ಹೋಯಿತು.

ನಾನು ಕೊಂಡಿದ್ದು ಜೆ/24. ರಾಡ್ ಜಾನ್‌ಸ್ಟನ್ ಅನ್ನುವವರು 1970ರ ದಶಕದ ನಡುವಿನಲ್ಲಿ ಕನೆಕ್ಟಿಕಟ್‌ನ ಸ್ಟೋನಿಂಗ್ಟನ್ ಊರಿನ ತಮ್ಮ ಮನೆಯ ಗ್ಯಾರೇಜಿನಲ್ಲಿ ‘ರ್‍ಯಾಗ್‌ಟೈಮ್’ ಅನ್ನುವ ದೋಣಿ ಕಟ್ಟಿದರು. ಅದು ಪಂದ್ಯಗಳನ್ನು ಗೆಲ್ಲುತ್ತಾ ಹೋಯಿತು. 1977ರಲ್ಲಿ ಸಹೋದರ ಬಾಬ್ ಜೊತೆ ಸೇರಿ ಕಂಪನಿ ಶುರುಮಾಡಿ ಅದೇ ನಮೂನೆಯ ದೋಣಿಗಳನ್ನು ಮಾರತೊಡಗಿದರು. ಜಗತ್ತಿನಲ್ಲಿ ಈವರೆಗೆ ಐದು ಸಾವಿರಕ್ಕೂ ಹೆಚ್ಚು ಜೆ/24 ತಯಾರಾಗಿವೆ. ಇಪ್ಪತ್ನಾಲ್ಕು ಅಡಿ ಉದ್ದ, ಸುಮಾರು 1,400 ಕಿಲೋ ತೂಕ. ಅದರಲ್ಲಿ 430 ಕಿಲೋ ತಳದ ಸೀಸದ ಕೀಲ್. ದೋಣಿ ಗಾಳಿಗೆ ವಾಲಿದರೂ ಮಗುಚದಂತೆ ಹಿಡಿದಿಡುವುದು ಆ ಸೀಸವೇ.

ಇದನ್ನು ‘ಒನ್ ಡಿಸೈನ್’ ವರ್ಗ ಅನ್ನುತ್ತಾರೆ. ಎಲ್ಲ ದೋಣಿಯೂ ಒಂದೇ ಅಚ್ಚಿನದು. ಕನಿಷ್ಠ ತೂಕ, ಹಾಯಿ ಕಟ್ಟುವ ಕಂಬವಾದ ಕೂವೆಯ ಎತ್ತರ, ಹಾಯಿಯ ಅಳತೆ ಎಲ್ಲಕ್ಕೂ ನಿಯಮವಿದೆ. ಕೀಲ್‌ನ ಆಕಾರವನ್ನು ಅಚ್ಚುಪಟ್ಟಿ ಇಟ್ಟು ಅಳೆಯುತ್ತಾರೆ. ದೋಣಿಯಲ್ಲಿರುವ ಎಲ್ಲರ ಒಟ್ಟು ತೂಕವೂ 400 ಕಿಲೋ ಮೀರಬಾರದು. ಬೇರೆ ಬೇರೆ ನಮೂನೆಯ ದೋಣಿಗಳ ಪಂದ್ಯದಲ್ಲಿ ಗುರಿ ಮುಟ್ಟಿದ ಮೇಲೂ ಯಾರಿಗೆ ಎಷ್ಟು ಸೆಕೆಂಡ್ ರಿಯಾಯಿತಿ ಅಂತ ಲೆಕ್ಕ ಹಾಕಿ ಗೆದ್ದವರನ್ನು ಹೇಳಬೇಕು. ಇಲ್ಲಿ ಮೊದಲು ಗೆರೆ ದಾಟಿದವರೇ ಗೆದ್ದರು. ಜೇಬಿನಲ್ಲಿ ದುಡ್ಡಿದೆ ಅಂತ ವೇಗ ಕೊಳ್ಳಲು ಬಾರದಿರಲಿ ಅನ್ನುವುದೇ ಈ ನಿಯಮಗಳ ಉದ್ದೇಶ. ನನ್ನಂಥವನು ಈ ಆಟಕ್ಕೆ ಬರಲು ಸಾಧ್ಯವಾದದ್ದು ಆ ಒಂದು ನಿಯಮದ ದಯೆಯಿಂದ. ಅದೇ ನಿಯಮದ ಮರ್ಮ ನನಗೆ ಅರ್ಥವಾಗಲಿಲ್ಲ, ಮತ್ತು ಆ ಅರಿವುಗೇಡಿಗೆ ಬೆಲೆ ತೆತ್ತವರು ಬೇರೆಯವರು.

ದೋಣಿ ಕೊಳ್ಳುವಾಗಿನ ತಪ್ಪನ್ನು ಬೇಗ ಹೇಳಿ ಮುಗಿಸುತ್ತೇನೆ. ಹಳೆಯ ಜೆ/24ಗಳ ಗೋಡೆಯೊಳಗೆ ಎರಡು ಪದರ ಫೈಬರ್ ನಡುವೆ ಬಾಲ್ಸಾ ಮರದ ತಿರುಳಿರುತ್ತದೆ. ಒಂದು ಸ್ಕ್ರೂ ಸಡಿಲವಾದರೂ ನೀರು ಒಳಗಿಳಿದು ತಿರುಳು ಕೊಳೆಯುತ್ತದೆ. ಕೀಲ್ ಕೂರುವ ಗುಳಿಯಲ್ಲಿ ಮೊದಲಿನ ವರ್ಷಗಳ ದೋಣಿಗಳಿಗೆ ವರ್ಮಿಕ್ಯುಲೈಟ್ ಬೆರೆಸಿದ ಅಂಟು ತುಂಬಿರುತ್ತಾರೆ. ಅದೂ ನೀರು ಹೀರುತ್ತದೆ. ತಿಳಿದವರನ್ನು ಕರೆತಂದು ಸುತ್ತಿಗೆಯ ಹಿಡಿಯಿಂದ ಡೆಕ್ ತಟ್ಟಿಸಿ, ದನಿ ಮಂದವಾಗಿರುವ ಜಾಗ ಗುರುತಿಸಿಕೊಂಡು ಚೌಕಾಸಿ ಮಾಡಬೇಕಿತ್ತು. ನಾನು ಬಣ್ಣ ನೋಡಿ ಕೊಂಡೆ. ರಿಪೇರಿಗೆ ದುಡ್ಡು ಹೋಯಿತು. ದುಡ್ಡು ಹೋದರೆ ಮತ್ತೆ ಬರುತ್ತದೆ.

ಜೆ/24ಗೆ ಐವರು ಬೇಕು. ಒಬ್ಬರು ಟಿಲ್ಲರ್ ಹಿಡಿದು ದೋಣಿ ನಡೆಸಬೇಕು, ಇಬ್ಬರು ಹಾಯಿಗಳ ಹಗ್ಗ ಎಳೆದು ಬಿಡಬೇಕು, ಒಬ್ಬರು ಕೂವೆಯ ಬುಡದಲ್ಲಿ, ಒಬ್ಬರು ಮುಂದೆ ಮೂತಿಯ ಮೇಲೆ. ಕನ್ನಡ ಕೂಟದ ಯುಗಾದಿ ಊಟದಲ್ಲಿ ನಾನು ಹಾಯಿದೋಣಿಯ ಬಗ್ಗೆ ಮಾತಾಡಿದ್ದನ್ನು ಕೇಳಿ ಶಿವಮೊಗ್ಗದ ಕಡೆಯ ಒಬ್ಬಳು ಹುಡುಗಿ, ಆಕೆಯ ಗಂಡ ಮತ್ತು ಇನ್ನಿಬ್ಬರು ಬಂದರು. ಯಾರಿಗೂ ಹಾಯಿ ಗೊತ್ತಿರಲಿಲ್ಲ. ಹುಡುಗಿ ಹಗುರ, ಚುರುಕು, ಎತ್ತರಕ್ಕೆ ಹೆದರುತ್ತಿರಲಿಲ್ಲ. ಮೂತಿಯ ಜಾಗ ಅವಳದಾಯಿತು. ನನ್ನನ್ನು ಅಣ್ಣ ಅಂತ ಕರೆಯುತ್ತಿದ್ದಳು.

ಆ ಚಳಿಗಾಲ ನಾನು ಮಾಡಿದ್ದೇನು? ದೋಣಿಯನ್ನು ದಡಕ್ಕೆತ್ತಿಸಿ, ವಾರಾಂತ್ಯಗಳೆಲ್ಲ ಕೀಲ್‌ಗೆ ಎಪಾಕ್ಸಿ ಬಳಿದು, ಮರಳು ಕಾಗದದಲ್ಲಿ ಉಜ್ಜಿ, ನಿಯಮ ಒಪ್ಪುವ ಕೊನೆಯ ಮಿಲಿಮೀಟರಿನವರೆಗೆ ಅದನ್ನು ತೆಳುವಾಗಿಸಿದೆ. ಮುಂದಿನ ದೊಡ್ಡ ಹಾಯಿ ಜೆನೋವಾ ಹೊಸದು ತರಿಸಿದೆ, ಗಾಳಿ ಬೆನ್ನಿಗಿರುವಾಗ ಬಲೂನಿನಂತೆ ಉಬ್ಬುವ ಹಾಯಿ ಸ್ಪಿನೇಕರ್ ಹೊಸದು ತರಿಸಿದೆ. ಪೂರ್ತಿ ಒಂದು ಸೆಟ್ ಹೊಸ ಹಾಯಿಗೆ ಬೀಳುವ ದುಡ್ಡಿನಲ್ಲಿ ನನ್ನಂಥ ಇನ್ನೊಂದು ಹಳೆಯ ದೋಣಿಯನ್ನೇ ಕೊಳ್ಳಬಹುದು. ‘ಅಣ್ಣ, ಈ ವಾರ ನೀರಿಗಿಳಿಯೋಣವಾ?’ ಅಂತ ಅವಳು ಮೆಸೇಜ್ ಮಾಡಿದಾಗಲೆಲ್ಲ ‘ಮೊದಲು ದೋಣಿ ತಯಾರಾಗಲಿ’ ಅನ್ನುತ್ತಿದ್ದೆ. ನಾಲ್ಕು ಜನ ತಯಾರಾಗಬೇಕಿತ್ತು ಅನ್ನುವುದು ನನಗೆ ಹೊಳೆಯಲಿಲ್ಲ.

ಈ ಕೊಲ್ಲಿಯ ಬೇಸಿಗೆ ಗಾಳಿಯ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಳನಾಡಿನ ಸೆಂಟ್ರಲ್ ವ್ಯಾಲಿ ಮಧ್ಯಾಹ್ನಕ್ಕೆ ಕಾದು ಅಲ್ಲಿನ ಗಾಳಿ ಮೇಲೇರುತ್ತದೆ. ಆ ಖಾಲಿ ತುಂಬಲು ಪೆಸಿಫಿಕ್‌ನ ತಣ್ಣನೆಯ ಗಾಳಿ ಗೋಲ್ಡನ್ ಗೇಟ್ ಎಂಬ ಕಿರಿದಾದ ಬಾಯಿಯಿಂದ ನುಗ್ಗುತ್ತದೆ. ಇಪ್ಪತ್ತು ನಾಟ್ ಮೀರುವುದು ಅಲ್ಲಿ ದಿನನಿತ್ಯದ ಮಾತು. ಅದೇ ಹೊತ್ತಿಗೆ ಇಳಿತದ ನೀರು ಅದೇ ಬಾಯಿಯಿಂದ ಹೊರಗೆ ಹರಿಯುತ್ತಿದ್ದರೆ ಗಾಳಿ ಒಂದು ಕಡೆಗೆ, ನೀರು ಇನ್ನೊಂದು ಕಡೆಗೆ. ಅಲೆಗಳು ಗಿಡ್ಡವಾಗಿ, ಕಡಿದಾಗಿ ಎದ್ದು ನಿಲ್ಲುತ್ತವೆ.

ಅಂಥ ಒಂದು ದಿನ ಪಂದ್ಯದಲ್ಲಿ ನಾವು ಮೂರನೆಯವರಾಗಿ ಗಾಳಿ ಬರುವ ಕಡೆಯ ಗುರುತಿನ ತೇಲುಬುಂಡೆಯನ್ನು ಸುತ್ತಿ ಬರ್ಕ್ಲಿ ಕಡೆಗೆ ಇಳಿಯುತ್ತಿದ್ದೆವು, ಗಾಳಿ ಬೆನ್ನಿಗೆ, ಸ್ಪಿನೇಕರ್ ತುಂಬಿ ನಿಂತಿತ್ತು. ಜೈಬ್ ಮಾಡಬೇಕಿತ್ತು. ಅಂದರೆ ದೋಣಿ ತಿರುಗುವಾಗ ಮೂತಿಯಲ್ಲಿರುವವರು ಸ್ಪಿನೇಕರಿನ ಕೋಲನ್ನು ಕೂವೆಯಿಂದ ಬಿಡಿಸಿ, ಆ ತುದಿಯನ್ನು ಹೊಸ ಬದಿಯ ಹಗ್ಗಕ್ಕೆ ಸಿಕ್ಕಿಸಿ, ಹಳೆಯ ತುದಿಯನ್ನು ಬಿಡಿಸಿ ಕೂವೆಗೆ ಕೂರಿಸಬೇಕು. ಅವರ ಎರಡೂ ಕೈ ಕೋಲಿನ ಮೇಲಿರುತ್ತವೆ. ಮೈ ಹಿಡಿದುಕೊಳ್ಳಲು ಕೈ ಉಳಿಯುವುದಿಲ್ಲ. ಆ ಹೊತ್ತಿನಲ್ಲಿ ದೋಣಿಯನ್ನು ಹಾಯಿಯ ಕೆಳಗೇ ಸಮನಾಗಿ ಇಟ್ಟುಕೊಂಡು, ಅವರು ‘ಆಯಿತು’ ಅನ್ನುವವರೆಗೆ ಕಾಯುವುದು ಟಿಲ್ಲರ್ ಹಿಡಿದವನ ಕೆಲಸ. ಪಕ್ಕದ ದೋಣಿ ಹತ್ತಿರವಾಗುತ್ತಿತ್ತು. ನಾನು ಕಾಯಲಿಲ್ಲ. ಟಿಲ್ಲರ್ ತಳ್ಳಿಬಿಟ್ಟೆ. ಕೋಲು ಇನ್ನೂ ಅವಳ ಕೈಯಲ್ಲೇ ಇತ್ತು. ಸ್ಪಿನೇಕರ್ ಮುಂದಿನ ತಂತಿಗೆ ಸುತ್ತಿಕೊಂಡಿತು, ದೋಣಿ ಪಕ್ಕಕ್ಕೆ ಬಿದ್ದಂತೆ ವಾಲಿ ಗಾಳಿಯ ಕಡೆಗೆ ತಿರುಗಿತು, ಅವಳು ಮೊಣಕಾಲಿನ ಮೇಲೆ ಬಿದ್ದು ಕಂಬಿ ಹಿಡಿದು ಉಳಿದಳು. ಆ ನೀರು ಬೇಸಿಗೆಯಲ್ಲೂ ಹದಿನೈದು ಡಿಗ್ರಿಯ ಸುತ್ತಮುತ್ತ ಇರುತ್ತದೆ.

ನಾನು ಅವಳು ಬಿದ್ದದ್ದನ್ನು ವಿಚಾರಿಸಲಿಲ್ಲ. ‘ಇಷ್ಟು ಹೊತ್ತು ಬೇಕಾ ಒಂದು ಕೋಲು ಸಿಕ್ಕಿಸೋಕೆ?’ ಅಂತ ಎಲ್ಲರೆದುರು ಕೂಗಾಡಿದೆ. ಅವಳ ಗಂಡ ತಲೆ ತಗ್ಗಿಸಿ ಹಗ್ಗ ಸುತ್ತುತ್ತಿದ್ದ. ದಡಕ್ಕೆ ಬರುವವರೆಗೆ ದೋಣಿಯಲ್ಲಿ ಯಾರೂ ಮಾತಾಡಲಿಲ್ಲ.

ಮುಂದಿನ ಪಂದ್ಯದ ಹಿಂದಿನ ಸಂಜೆ ಫೋನ್ ಮಾಡಿದಳು. ‘ಅಣ್ಣ, ಬೇಜಾರು ಮಾಡ್ಕೋಬೇಡಿ. ಬೈಸಿಕೊಳ್ಳೋದಕ್ಕೆ ಅಂತ ರಜಾ ದಿನ ಬೆಳಗ್ಗೆ ಎದ್ದು ಬರೋಕೆ ಆಗ್ತಾ ಇಲ್ಲ. ನಾವಿಬ್ಬರೂ ಬರಲ್ಲ.’ ನಾನು ‘ನಾಳೆ ಒಂದು ದಿನ ಬಾರಮ್ಮ, ಜನ ಇಲ್ಲ’ ಅಂದೆ. ಕ್ಷಮೆ ಕೇಳಬೇಕಾದ ಹೊತ್ತಿನಲ್ಲಿ ನನ್ನ ಬಾಯಿಂದ ಬಂದದ್ದು ಆ ಮಾತು. ಉಳಿದಿಬ್ಬರೂ ಒಂದೊಂದು ನೆಪ ಹೇಳಿ ದೂರವಾದರು. ಆ ವರ್ಷದ ಉಳಿದ ಪಂದ್ಯಗಳ ದಿನ, ನುಣುಪಾದ ಕೀಲ್, ಗರಿಗರಿಯಾದ ಹಾಯಿಗಳಿದ್ದ ನನ್ನ ದೋಣಿ ಕಟ್ಟೆಯಲ್ಲೇ ನಿಂತಿತ್ತು.

ಹಾಗೆ ದಡದಲ್ಲಿ ನಿಂತು ನೋಡಿದಾಗಲೇ ನನಗೆ ನಮ್ಮ ಕ್ಲಬ್ಬಿನಲ್ಲಿ ಸದಾ ಮುಂದಿರುತ್ತಿದ್ದ ದೋಣಿ ಕಂಡಿದ್ದು. ನನ್ನದಕ್ಕಿಂತ ಹಳೆಯದು, ಹಾಯಿಗೆ ತೇಪೆ. ಆದರೆ ಅದೇ ಐದು ಜನ ವರ್ಷಗಳಿಂದ ಜೊತೆಗಿದ್ದರು. ಅದರ ನಾಯಕಿ, ವಯಸ್ಸಾದ ಶಾಲಾ ಶಿಕ್ಷಕಿ, ದೋಣಿಯ ಮೇಲೆ ದನಿ ಎತ್ತುತ್ತಿರಲಿಲ್ಲ. ಜೈಬ್‌ಗೆ ಮೊದಲು ಮೂತಿಯಲ್ಲಿರುವವನ ಹೆಸರು ಹಿಡಿದು ಕೇಳುತ್ತಿದ್ದರು, ಉತ್ತರ ಬಂದ ಮೇಲೆ ತಿರುಗಿಸುತ್ತಿದ್ದರು. ದೋಣಿಗಳೆಲ್ಲ ಒಂದೇ ಆದಾಗ ಬೇರೆಯಾಗಿ ಉಳಿಯುವುದು ಜನ ಮಾತ್ರ. ನಿಯಮ ಬರೆದವರು ಅಷ್ಟೂ ವೆಚ್ಚ, ಅಷ್ಟೂ ಪೈಪೋಟಿಯನ್ನು ಬದಿಗೆ ಸರಿಸಿ ಆ ಒಂದಕ್ಕೆ ಜಾಗ ಬಿಟ್ಟುಕೊಟ್ಟಿದ್ದರು. ನಾನು ಅದೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ದುಡ್ಡು ಸುರಿದೆ.

ನಾಚಿಕೆ ಬಿಟ್ಟು ಆ ಶಿಕ್ಷಕಿಯ ಬಳಿ ಹೋಗಿ, ಜಾಗ ಇದ್ದಾಗ ಕರೆಯಿರಿ ಅಂತ ಕೇಳಿಕೊಂಡೆ. ನನ್ನನ್ನು ಮೂತಿಗೆ ಹಾಕಿದರು. ಕೋಲು ಕೈಯಲ್ಲಿ ಹಿಡಿದು, ಅಲೆಗೆ ಮೇಲೆದ್ದು ಕೆಳಗೆ ಕುಸಿಯುವ ಆ ಕಿರಿದಾದ ಜಾಗದಲ್ಲಿ ನಿಂತಾಗ ಹಿಂದಿರುವವರು ಕಾಣುವುದಿಲ್ಲ. ಅವರನ್ನು ನಂಬಬೇಕು, ಅಷ್ಟೇ.

ಈಗ ನನ್ನ ದೋಣಿಗೆ ಮೂವರು ಒಡೆಯರು. ಕಟ್ಟೆಯ ಬಾಡಿಗೆ, ವಿಮೆ ಮೂರು ಪಾಲು. ಟಿಲ್ಲರ್ ಸರದಿಯ ಮೇಲೆ ಬದಲಾಗುತ್ತದೆ, ನಾನು ಹೆಚ್ಚಾಗಿ ಹಗ್ಗದ ಕಡೆ. ಕ್ಲಬ್ಬಿಗೆ ಹೊಸದಾಗಿ ಬರುವ ಕನ್ನಡದವರು ‘ದೋಣಿ ಎಷ್ಟಾಗುತ್ತೆ ಸಾರ್?’ ಅಂತ ಕೇಳಿದರೆ, ಕೊಳ್ಳಬೇಡಿ, ಸಿಬ್ಬಂದಿಯ ಪಟ್ಟಿಯಲ್ಲಿ ಹೆಸರು ಬರೆಸಿ, ಒಂದು ಒಳ್ಳೆಯ ಜಾಕೆಟ್ ತನ್ನಿ, ಎರಡು ಬೇಸಿಗೆ ಬೇರೆಯವರ ದೋಣಿಯಲ್ಲಿ ಓಡಾಡಿ ಅನ್ನುತ್ತೇನೆ. ಆ ಹುಡುಗಿಗೆ ತಡವಾಗಿಯಾದರೂ ಪತ್ರ ಬರೆದು ಕ್ಷಮೆ ಕೇಳಿದೆ. ‘ಪರವಾಗಿಲ್ಲ ಅಣ್ಣ’ ಅಂತ ಉತ್ತರ ಬಂತು. ಗಂಡ ಹೆಂಡತಿ ಈಗ ಬೇರೊಂದು ದೋಣಿಯಲ್ಲಿದ್ದಾರೆ, ಕಳೆದ ಬೇಸಿಗೆಯಿಂದ ಅದರ ಟಿಲ್ಲರ್ ಅವಳ ಕೈಯಲ್ಲಿದೆ. ನಮ್ಮ ದೋಣಿಗೆ ಬಾ ಅಂತ ಒಮ್ಮೆ ಕರೆದೆ. ನಕ್ಕು, ಇಲ್ಲ ಅಂದಳು.